ಪೊರಕೆ ತರಲು ಹೋದವಳು

ಹೊಸ ವೈನು ನೊರೆಯೇಳುವ ಹೊತ್ತಿಗೆ ನೆಕರ್ ನದಿ ದಂಡೆಯ ಊರು ರೀಬೆನ್‌ಬಾಖ್‌ನ ದ್ರಾಕ್ಷಿ ಬೆಳೆಗಾರರು ಮನೆಯ ತಲೆಬಾಗಿಲಿಗೆ ಒಂದೊಂದು ಪೊರಕೆ ನೇತುಹಾಕುತ್ತಾರೆ. ಪೊರಕೆ ಕಂಡರೆ ಮನೆ ತೆರೆದಿದೆ ಎಂದರ್ಥ. ಯಾರು ಬೇಕಾದರೂ ಒಳಗೆ ಬಂದು ಕುಡಿದು ಉಂಡು ಕಾಸು ಕೊಟ್ಟು ಹೋಗಬಹುದು. ಪೊರಕೆ ಹಾಕುವುದು ಗಂಡಸರ ಹೆಮ್ಮೆ. ಅದು ಹೊರಗೆ ನೇತಾಡುವಷ್ಟು ದಿನ ಒಳಗೆ ಗುಡಿಸುವುದು ಯಾರೆಂದು ಯಾರೂ ಕೇಳುವುದಿಲ್ಲ.

ಗೆರ್ಲಿಂಡ ಬೆಟ್ಟದಾಚೆಯ ಆಲೂಗಡ್ಡೆ ಸೀಮೆಯಿಂದ ಇಂಥ ಒಂದು ಮನೆಗೆ ಸೊಸೆಯಾಗಿ ಬಂದವಳು. ಅವಳ ಈರುಳ್ಳಿ ಕೇಕಿಗೆಂದೇ ಸುತ್ತಲಿನ ಊರುಗಳಿಂದ ಜನ ಬರುತ್ತಿದ್ದರು. ಸುಗ್ಗಿಯ ಬೆಳಗುಗಳಲ್ಲಿ ಬೆನ್ನು ಬಗ್ಗಿಸಿ ಗೊಂಚಲು ಕತ್ತರಿಸುವುದು, ಮಧ್ಯಾಹ್ನದಿಂದ ಈರುಳ್ಳಿ, ಹಿಟ್ಟು, ಹುಳಿ ಎಲೆಕೋಸಿನ ಹಂಡೆ, ತೊಳೆದಷ್ಟೂ ಮುಗಿಯದ ಲೋಟಗಳು. ಅಡುಗೆಮನೆಯ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತಿತ್ತು. ದ್ರಾಕ್ಷಿ ಎಲೆಯ ಒಂದೊಂದು ನರವೂ ಅವಳಿಗೆ ಗೊತ್ತು. ಆದರೆ ಇಳಿಬಿಸಿಲಿನಲ್ಲಿ ಇಡೀ ಬೆಟ್ಟ ಬಣ್ಣ ತಿರುಗಿ ನಿಲ್ಲುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಬಂದ ಅತಿಥಿಗಳು, "ಆಹಾ, ಈಗ ಬೆಟ್ಟ ನೋಡ್ಬೇಕಿತ್ತು ಗೆರ್ಲಿಂಡ, ಬೆಂಕಿ ಹತ್ಕೊಂಡ ಹಾಗಿದೆ!" ಎನ್ನುತ್ತಿದ್ದರು. "ಹೌದಾ?" ಎಂದು ಅವಳು ತಟ್ಟೆ ಇಟ್ಟು ಹೋಗುತ್ತಿದ್ದಳು. ಒಂದೇ ಒಂದು ಸಲ ನೋಡಬೇಕು ಎಂಬ ಆಸೆ ಹೊಟ್ಟೆಯೊಳಗೇ ಹುದುಗುತ್ತಿತ್ತು. ಬಾಯಿಬಿಟ್ಟು ಹೇಳಲು ನಾಚಿಕೆ. ಬೆಟ್ಟದ ಬುಡದಲ್ಲೇ ಇರುವವಳು ಬೆಟ್ಟ ನೋಡಿಲ್ಲ ಅಂದರೆ ಜನ ನಗುವುದಿಲ್ಲವೇ?

ಪೊರಕೆ ಪ್ರತಿ ವರ್ಷ ಹೊಸದಾಗಬೇಕು. ಊರಿನ ಮೇಲ್ತುದಿಯ ಗೊಟ್ಲೋಬ್ ಬರ್ಚ್ ಮರದ ಕಡ್ಡಿ ಕಟ್ಟಿ ಮಾಡಿಕೊಡುತ್ತಿದ್ದ. ಅದನ್ನು ತರುವುದು ಗಂಡ ಓಟ್ಮಾರ್‌ನ ಕೆಲಸ. ಊಟ ಮುಗಿಸಿ ಹೊರಟವನು ಹೊತ್ತು ಮುಳುಗುವಾಗ ಬಂದು ಕುರ್ಚಿಯಲ್ಲಿ ಕುಸಿಯುತ್ತಿದ್ದ. "ಪೊರಕೆ ತರೋದು ಅಂದ್ರೆ ಏನಂದ್ಕೊಂಡಿದ್ದೀಯ? ಏರು ದಾರಿ ಕಣೆ!" ಅವಳು ಪಾಪ ಎಂದುಕೊಂಡು ಬಿಸಿ ಸೂಪು ತಂದಿಡುತ್ತಿದ್ದಳು.

ಈ ಸಲ ಬಾಗಿಲು ತೆರೆಯಬೇಕಾದ ದಿನವೇ ಅವನ ಕಾಲಿನ ಹೆಬ್ಬೆರಳು ವಾತದಿಂದ ಊದಿಕೊಂಡಿತು.

"ನಾನು ಹೋಗಿ ತರ್ತೀನಿ," ಎಂದಳು ಗೆರ್ಲಿಂಡ.

"ನೀನಾ? ಮತ್ತೆ ಈರುಳ್ಳಿ?"

"ಕೂತ್ಕೊಂಡು ಹೆಚ್ಚೋಕೆ ಕಾಲು ಬೇಕಾ?"

ಈರುಳ್ಳಿಯ ಬೋಗುಣಿಯನ್ನು ಅವನ ತೊಡೆಯ ಮೇಲಿಟ್ಟು, ಚಾಕು ಕೈಗೆ ಕೊಟ್ಟು, ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ಅವಳು ಬೀದಿಗಿಳಿದಳು.

ನೆಲಮಾಳಿಗೆಗಳ ಕಿಂಡಿಗಳಿಂದ ಹುದುಗಿನ ಸಿಹಿ ವಾಸನೆ ಬೀದಿಗೆ ಹರಿಯುತ್ತಿತ್ತು. ಬಿಸಿಲು ಮರದ ಚೌಕಟ್ಟಿನ ಮನೆಗಳ ಹೆಗಲ ಮೇಲೆ ಕೂತಿತ್ತು. ಆ ಹೊತ್ತಿನಲ್ಲಿ ತನ್ನ ಬೀದಿ ಹೀಗೆ ಹೊಳೆಯುತ್ತದೆಂದೇ ಅವಳಿಗೆ ತಿಳಿದಿರಲಿಲ್ಲ. ಕಿಟಕಿ ಒರೆಸುತ್ತಿದ್ದ ನೆರೆಯ ರೋಸ್ವಿಟಾ ಗಾಬರಿಯಿಂದ ಕೂಗಿದಳು: "ಗೆರ್ಲಿಂಡ! ಈ ಹೊತ್ತಲ್ಲಿ ಹೊರಗಿದ್ದೀಯಲ್ಲ, ಯಾರು ಹೋಗ್ಬಿಟ್ರೇ?"

"ಯಾರೂ ಸತ್ತಿಲ್ಲ ಮಾರಾಯ್ತಿ. ಪೊರಕೆ ತರೋಕೆ ಹೋಗ್ತಿದ್ದೀನಿ."

"ಓಟ್ಮಾರ್?"

"ಈರುಳ್ಳಿ ಹೆಚ್ತಿದ್ದಾನೆ."

"ಅಯ್ಯೋ, ಮೊದಲೇ ಹೇಳಿದ್ರೆ ನೋಡೋಕೆ ಬರ್ತಿದ್ನಲ್ಲೇ!"

ಗೊಟ್ಲೋಬನ ಅಂಗಳ ತಲುಪಿದಾಗ ಅವಳಿಗೆ ಏದುಸಿರು ಕೂಡ ಬಂದಿರಲಿಲ್ಲ. ಪೊರಕೆ ಬಾಗಿಲಲ್ಲೇ ಸಿದ್ಧವಾಗಿ ನಿಂತಿತ್ತು.

"ಇಷ್ಟೇನಾ?" ಎಂದಳು.

"ಇಷ್ಟೇ," ಎಂದ ಮುದುಕ. "ನಿನ್ ಗಂಡ ಮಾತ್ರ ಇದನ್ನ ಹೆಗಲ ಮೇಲೆ ಹಾಕ್ಕೊಂಡು ಮೇಲಿನ ಕಲ್ಲುಬೆಂಚಿಗೆ ಹೋಗ್ತಾನೆ. ಬಿಸಿಲು ಇಳಿಯೋವರೆಗೂ ಅಲ್ಲೇ."

"ಅಲ್ಲೇನು ಮಾಡ್ತಾನೆ?"

"ಏನ್ ಮಾಡ್ತಾನೆ? ನೋಡ್ತಾನೆ."

ಗೆರ್ಲಿಂಡ ಪೊರಕೆಯನ್ನು ಹೆಗಲಿಗೇರಿಸಿ, ಮನೆಯ ದಿಕ್ಕಿಗೆ ಬೆನ್ನು ಹಾಕಿ ಬೆಟ್ಟದ ಮೆಟ್ಟಿಲು ಹತ್ತಿದಳು.

ಕಲ್ಲುಬೆಂಚಿಗೆ ಪೊರಕೆ ಒರಗಿಸಿ ತಿರುಗಿದವಳಿಗೆ ಕೂರುವುದೂ ಮರೆತುಹೋಯಿತು. ಬೆಟ್ಟಕ್ಕೆ ಬೆಟ್ಟವೇ ಎದ್ದು ನಿಂತಿತ್ತು. ಒಂದು ಪಟ್ಟೆ ಬೆಣ್ಣೆಯಲ್ಲಿ ಬೆಂದ ಈರುಳ್ಳಿಯ ಬಂಗಾರ, ಅದರ ಪಕ್ಕ ತಾಮ್ರ, ಆಚೆಗೆ ಲೆಂಬೆರ್ಗರ್ ದ್ರಾಕ್ಷಿ ಬಳ್ಳಿಗಳ ಕಡುಗೆಂಪು. ಬಿಸಿಲು ಎಲೆಗಳ ಮೇಲೆ ಬೀಳುತ್ತಿರಲಿಲ್ಲ, ಎಲೆಗಳೊಳಗಿಂದಲೇ ಬರುತ್ತಿತ್ತು. ಕೆಳಗೆ ನೆಕರ್ ನದಿ ಇಡೀ ಬೆಟ್ಟವನ್ನು ತಲೆಕೆಳಗಾಗಿ ಹೊತ್ತುಕೊಂಡು ಅಲುಗದೆ ಮಲಗಿತ್ತು. ನಾನು ಬಗ್ಗಿ ಕತ್ತರಿಸಿದ್ದು ಇದನ್ನೇ? ಬಕೆಟ್ಟು ಬಕೆಟ್ಟು ಹೊತ್ತಿದ್ದು ಇಲ್ಲಿಂದಲೇ? ಛಾವಣಿಗಳ ನಡುವೆ ತನ್ನ ಮನೆ ಹುಡುಕಿದಳು. ಅಷ್ಟು ಪುಟ್ಟದು! ಅದರೊಳಗೆ ತನ್ನ ಇಷ್ಟೂ ಶರತ್ಕಾಲಗಳು ಹಿಡಿಸಿದ್ದವಲ್ಲ. ಅದರ ಚಿಮಣಿಯಿಂದ ಹೊಗೆ ಏಳುತ್ತಿತ್ತು, ತಾನಿಲ್ಲದೆಯೂ.

"ಇಲ್ಲಿ ತೆರೆದಿದೆಯಾ ಅಮ್ಮ?"

ಬೆನ್ನಿಗೆ ಚೀಲ ಹಾಕಿಕೊಂಡ ಗಂಡಹೆಂಡತಿ, ಪರವೂರಿನವರು. ಪೊರಕೆ ಕಂಡು ಮೇಲೆ ಹತ್ತಿಬಂದಿದ್ದರು. ಆತ ಆಗಲೇ ಬೆಂಚಿನ ಮೇಲೆ ಕೂತು, "ಈರುಳ್ಳಿ ಕೇಕು ಇದ್ರೆ ಎರಡು ತುಂಡು, ಹೊಸ ವೈನು," ಎಂದ.

ಗೆರ್ಲಿಂಡಳ ಕಾಲುಗಳು ತಾವಾಗಿಯೇ ಹೊರಟವು. "ಈಗ್ಲೇ ತಂದುಕೊಡ್ತೀನಿ" ಎಂಬ ಮಾತು ನಾಲಿಗೆ ತುದಿಗೆ ಬಂತು. ಅದನ್ನು ನುಂಗಿ, ಅವಳು ನಿಧಾನಕ್ಕೆ ಅವನ ಪಕ್ಕ ಕೂತಳು.

"ತೆರೆದಿಲ್ಲಪ್ಪ. ಇಲ್ಲಿ ನಾನೂ ಅತಿಥಿನೇ."

ಆತನ ಹೆಂಡತಿ ಜೋರಾಗಿ ನಕ್ಕಳು. "ಹಾಗಾದ್ರೆ ನಮ್ಮದೇ ಉಪಚಾರ," ಎಂದು ಚೀಲದಿಂದ ಪೇರ್ ಹಣ್ಣು ತೆಗೆದು, ಸಿಪ್ಪೆ ಹೆರೆದು, ಹೋಳು ಮಾಡಿ ಚಾಕುವಿನ ತುದಿಯಲ್ಲೇ ಚಾಚಿದಳು. ಇನ್ನೊಬ್ಬರು ಹೆಚ್ಚಿ ಕೊಟ್ಟದ್ದನ್ನು ಕೂತು ತಿಂದದ್ದು ಯಾವಾಗ? ಗೆರ್ಲಿಂಡಳಿಗೆ ನೆನಪಾಗಲಿಲ್ಲ. ಮೂವರೂ ಬೆಟ್ಟ ಸಾಲು ಸಾಲಾಗಿ ಆರುವವರೆಗೆ ಕೂತರು.

ಅವಳು ಇಳಿದು ಬರುವಾಗ ಮನೆಯ ಮುಂದೆ ಜನ ಗುಂಪುಗೂಡಿ ನಗುತ್ತಿದ್ದರು. ಬಾಗಿಲ ಮೇಲೆ ಅಡುಗೆಮನೆಯ ಕೆಂಪು ಪ್ಲಾಸ್ಟಿಕ್ ಪೊರಕೆ ನೇತಾಡುತ್ತಿತ್ತು. ಒಳಗೆ ಹೋಗಬಹುದೋ ಬಾರದೋ ಎಂದು ಯಾರಿಗೂ ತಿಳಿದಿರಲಿಲ್ಲ. ಹೊಸಿಲಲ್ಲಿ ಓಟ್ಮಾರ್, ಒಂದು ಕಾಲಿಗೆ ಚಪ್ಪಲಿ, ಈರುಳ್ಳಿಗೆ ಊದಿದ ಕಣ್ಣು.

"ಎಲ್ಲಿ ಹಾಳಾಗಿ ಹೋಗಿದ್ಯೇ?"

"ಪೊರಕೆ ತರೋದು ಅಂದ್ರೆ ಏನಂದ್ಕೊಂಡಿದ್ದೀಯ?" ಎಂದಳು ಗೆರ್ಲಿಂಡ. "ಏರು ದಾರಿ ಕಣೋ."

ಅವನು ಅವಳ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಲೆಂಬೆರ್ಗರ್ ಕಡೆ ಕೆಂಪಾಗಿತ್ತಾ?"

"ಕೆಂಪಾಗಿತ್ತು. ಇಷ್ಟು ವರ್ಷ ಒಂದ್ಸಲನಾದ್ರೂ 'ಬಾರೇ' ಅನ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ಅನ್ನಿಸ್ತಿತ್ತು," ಎಂದ ಅವನು, ತಲೆ ತಗ್ಗಿಸಿ. "ಆದ್ರೆ ಅಡುಗೆ?"

ಅವಳು ಕುರ್ಚಿ ಎಳೆದು ಹತ್ತಿ, ಪ್ಲಾಸ್ಟಿಕ್ ಪೊರಕೆ ತೆಗೆದು, ಬರ್ಚ್ ಪೊರಕೆಯನ್ನು ತನ್ನ ಕೈಯಾರೆ ನೇತುಹಾಕಿದಳು. ಜನ ಚಪ್ಪಾಳೆ ತಟ್ಟಿ ಒಳನುಗ್ಗಿದರು. ಕೆಳಗಿಳಿದವಳು ಕೆಂಪು ಪೊರಕೆಯನ್ನು ಗಂಡನ ಕೈಗಿಟ್ಟಳು.

"ನೆಲದ ತುಂಬ ಈರುಳ್ಳಿ ಸಿಪ್ಪೆ ಇರ್ಬೇಕಲ್ಲ. ನಡಿ."