ಗ್ರಹಣಕ್ಕೆ ಹೋದ ಫಿಲ್ಮ್

ಹೋದ ವಾರ ಸೂರ್ಯಗ್ರಹಣ. ಬೆಳಿಗ್ಗೆಯೇ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತಿದ್ದರು. "ಹಳೇ ಎಕ್ಸ್‌ರೇ ಇದ್ರ ಕೊಡ್ರಿ. ಹುಡುಗ್ರು ಗ್ರಹಣ ನೋಡ್ತಾವಂತ."

"ಇಲ್ರಿ" ಎಂದೆ. ದನಿ ಒರಟಾಯಿತು. (ಅದರಲ್ಲಿ ನೋಡಿದರೆ ಕಣ್ಣಿಗೂ ಕೇಡು ಎಂದು ಈಗೀಗ ಹೇಳುತ್ತಾರೆ. ನನ್ನ ಸಿಟ್ಟಿಗೆ ಕಾರಣ ಅದಲ್ಲ.)

ಕಾರಣ ನಮ್ಮ ಕಾಕಾ. ಕಮರಿಪೇಟೆಯಲ್ಲಿದ್ದರು, ವಿಜ್ಞಾನದ ಮಾಸ್ತರು. ಹಿಂದೊಮ್ಮೆ ಹೊಟ್ಟೆನೋವೆಂದು ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕದಲ್ಲಿ ಹಳೆಯ ಬಾವು, ಹರಳು ಎಂದು ಡಾಕ್ಟರು ಹೇಳಿದ್ದರು. ಗುಳಿಗೆ ನುಂಗಿಕೊಂಡು ಆರಾಮಾಗಿದ್ದರು. ಆಮೇಲೊಂದು ಗ್ರಹಣ ಬಂತು. "ಎಕ್ಸ್‌ರೇಕಿಂತ ಇದು ಕರ್ರಗ ಛಲೋ ಅದ" ಎಂದು ಆ ಫಿಲ್ಮನ್ನೇ ಕತ್ತರಿಸಿ ಓಣಿಯ ಮಕ್ಕಳಿಗೆಲ್ಲ ಹಂಚಿದರು. ಎಂಥ ಹುರುಪು ಆ ದಿನ ಅವರಿಗೆ!

ಕೆಲವು ವರ್ಷಕ್ಕೆ ಕಾಮಾಲೆ. ತೂಕ ಇಳಿಯಿತು. ಹೊಸ ಸ್ಕ್ಯಾನಿನಲ್ಲಿ ಮೇದೋಜೀರಕದ ತಲೆಭಾಗದಲ್ಲಿ ಗಡ್ಡೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕ್ಯಾನ್ಸರ್ ಇರಬಹುದು. ಹಳೇ ಬಾವೇ ಗಟ್ಟಿ ಆಗಿರಬಹುದು. ಫಿಲ್ಮಿನ್ಯಾಗ ಎರಡೂ ಒಂದೇ ಥರಾ ಕಾಣತಾವ್ರಿ. ಮೊದಲಿನ ಫಿಲ್ಮ್ ತರ್ರಿ. ಆಗಲೂ ಇಷ್ಟೇ ಇತ್ತಂದ್ರ ಸ್ವಲ್ಪ ಕಾಯಬಹುದು. ಇಲ್ಲಂದ್ರ ಆಪರೇಷನ್ನೇ. ಅದು ಭಾಳ ದೊಡ್ಡದು."

ಕಾಕಾ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಸ್ಕ್ಯಾನ್ ಮಾಡಿದಲ್ಲಿ ಅದರ ಪ್ರತಿ ಉಳಿದಿರಲಿಲ್ಲ. ಹಳೆಯ ರಿಪೋರ್ಟಿನ ಕಾಗದವೇನೋ ಇತ್ತು. 'ತಲೆಭಾಗ ಊದಿದೆ' ಎಂದಷ್ಟೇ ಬರೆದಿತ್ತು. ಎಷ್ಟು ಊದಿತ್ತು? ಅದನ್ನು ಫಿಲ್ಮೇ ಹೇಳಬೇಕು.

ಕಾಕಾನ ಹೆಂಡತಿ, ನಮ್ಮ ಕಾಕು, ಸೆರಗು ಹೊದ್ದುಕೊಂಡು ಮನೆಮನೆಗೆ ಹೋದರು. "ಗ್ರಹಣದ ತುಕಡಿ ಇಟ್ಟೀರೇನವಾ? ನಮ್ಮವರ ಹೊಟ್ಟೀದು ಅದು." ಎಲ್ಲರೂ ಪಾಪ ಕಪಾಟು, ಮಕ್ಕಳ ಪಾಟೀಚೀಲ ಹುಡುಕಿದರು. ಒಂದೇ ಒಂದು ಸಿಕ್ಕಿತು. ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ಕಾಕಾನ ಹೆಸರಿತ್ತು. ಉಳಿದದ್ದೆಲ್ಲ ಕಪ್ಪು.

ಆಪರೇಷನ್ ಆಯಿತು. ಕಾಕಾ ಮನೆಗೆ ಬರಲಿಲ್ಲ. ಅವರ ದಿನಕರ್ಮ ಮುಗಿದ ಮೇಲೆ ಗಡ್ಡೆಯ ತಪಾಸಣೆಯ ವರದಿ ಕೈಗೆ ಬಂತು. ಕ್ಯಾನ್ಸರ್ ಅಲ್ಲ, ಬರೀ ಬಾವು.

ಕಾಕು ಅಳಲೂ ಇಲ್ಲ. "ಆವತ್ತ ಕತ್ರಿ ನಾನಽ ಹುಡುಕಿ ಕೊಟ್ಟಿದ್ದೆ" ಎಂದರು.

ಫಿಲ್ಮ್ ಇದ್ದಿದ್ದರೆ ಕಾಕಾ ಉಳಿಯುತ್ತಿದ್ದರೇ? ಯಾರು ಹೇಳಬೇಕು? ಆದರೆ ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಪಕ್ಕದ ಮನೆಯವರಿಗೆ ಬೇರೆ ಯಾರೋ ಕೊಟ್ಟರಂತೆ. ಮಧ್ಯಾಹ್ನ ನೋಡಿದರೆ ಮಕ್ಕಳು ಗೇಟಿನಲ್ಲಿ ನಿಂತು ಕಪ್ಪು ತುಕಡಿಗಳನ್ನು ಸೂರ್ಯನಿಗೆ ಹಿಡಿದಿದ್ದರು.

ಅದು ಯಾರ ಹೊಟ್ಟೆಯೋ?