ಇಲ್ಲದ ಕಾಶಮ್ಮನಿಗೆ ಕಟ್ಟಿದ ಬುತ್ತಿ

ಅತ್ತಿ, ದುಬಲಗುಂಡಿಯ ಕಾಶಮ್ಮ ಸತ್ತಿಲ್ಲ. ಸಾಯುವುದಕ್ಕೆ ಆಕೆ ಹುಟ್ಟಿರಲೇ ಇಲ್ಲ. ನೀವು ವರ್ಷಗಟ್ಟಲೆ ಯಾರಿಗೆ ರೊಟ್ಟಿ ಕಟ್ಟಿ ಕಳಿಸಿದಿರೋ, ಯಾರಿಗಾಗಿ ಕಣ್ಣೀರು ಹಾಕಿದಿರೋ, ಆ ಹೆಣ್ಣುಮಗಳು ನನ್ನ ಬಾಯಿಂದ ಬಂದ ಸುಳ್ಳು. ಇದನ್ನು ಹೇಳಲೆಂದು ಎಷ್ಟೋ ಸಲ ಅಡುಗೆಮನೆಯ ಬಾಗಿಲವರೆಗೆ ಬಂದಿದ್ದೇನೆ. ನೀವು ತಲೆಯೆತ್ತಿ "ಏನವ್ವಾ ಶೋಭಾ?" ಎಂದ ಕೂಡಲೇ ಧೈರ್ಯ ಸೋರಿಹೋಗಿ, ಬೇಡದ ಉಪ್ಪಿನ ಡಬ್ಬಿ ಹಿಡಿದುಕೊಂಡು ವಾಪಸು ಹೋಗಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಪೊರೆ ಬಂದ ಕಣ್ಣಿನಿಂದ ನಿಮಗೆ ಓದಲಾಗದು, ಗೊತ್ತು. ನಾನೇ ಓದಿ ಹೇಳುತ್ತೇನೆ.

ಮಾಣಿಕನಗರದ ನಮ್ಮ ಬಳೆ ಅಂಗಡಿಗೆ ಮಾಲು ತರಲು ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂದಾಗ ನಿಮ್ಮ ಮಗ ನಕ್ಕಿದ್ದರು. "ಬಣ್ಣ ಆರಸೋದು ನನ್ನ ಕೈಲೆ ಆಗಂಗಿಲ್ಲ, ನೀನೇ ಹೋಗು." ನೀವು ಮಾತ್ರ ನಗಲಿಲ್ಲ. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿರಿ. ಪರಊರಿಗೆ ಹೊರಟವರ ಕೈಯಲ್ಲಿ ಬುತ್ತಿ ಇರದಿದ್ದರೆ ಮನೆಯ ಮಾನವೇ ಹೋದಂತೆ ನಿಮಗೆ. ಹೋಟೆಲಿನ ನೀರನ್ನೂ ಮುಟ್ಟದವರು ನೀವು. ಜೋಳದ ರೊಟ್ಟಿ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಎಲ್ಲವನ್ನೂ ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಕೈಗಿಟ್ಟಿರಿ.

ಆ ಗಂಟು ಹೆಗಲಿಗೆ ಹಾಕಿಕೊಂಡು ಬೇಗಂ ಬಜಾರಿನ ಗಲ್ಲಿಗಳಲ್ಲಿ ತಿರುಗಿದೆ. ಹೇಗೆ ಹೇಳಲಿ ಆ ಗಲ್ಲಿಗಳನ್ನು! ಒಂದು ಕಡೆ ಬಂಡಿಯ ಮೇಲೆ ದೋಸೆ, ಅದರ ಮೇಲೆ ಅಂಗೈಯಷ್ಟು ಬೆಣ್ಣೆ. ಇನ್ನೊಂದು ಕಡೆ ಎಣ್ಣೆಯಲ್ಲಿ ಉಬ್ಬುತ್ತಿದ್ದ ಮಿರ್ಚಿ ಭಜಿ. ಮೂಲೆಯಲ್ಲಿ ಇರಾನಿ ಚಹಾದ ಅಂಗಡಿ, ಬಶಿಯಲ್ಲಿ ಉಸ್ಮಾನಿಯಾ ಬಿಸ್ಕೀಟು. ಹಮಾಲರು ಎಲ್ಲಿ ನಿಂತು ಉಣ್ಣುತ್ತಾರೋ ಅಲ್ಲಿ ರುಚಿಯೂ ಇರುತ್ತದೆ, ಅಗ್ಗವೂ ಇರುತ್ತದೆ ಎಂದು ಒಂದೇ ದಿನದಲ್ಲಿ ಕಂಡುಕೊಂಡೆ. ಒಂದು ಡಜನ್ ಬಳೆ ಮಾರಿದ ಲಾಭದಲ್ಲಿ ಹೊಟ್ಟೆ ತುಂಬ ಉಣ್ಣಬಹುದಾದ ಊರು ಅದು. ಮದುವೆಯಾದ ಮೇಲೆ ಮೊದಲ ಸಲ ನನಗೆ ಯಾರೋ ಬಡಿಸುತ್ತಿದ್ದರು. ಮನೆಯಲ್ಲಿ ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಉಳಿದದ್ದನ್ನು — ಬೇಡ ಬಿಡಿ. ನೀವೂ ಹಾಗೆಯೇ ಉಂಡವರು. ಅದನ್ನು ನಿಮ್ಮ ಮುಂದೆ ನೆಪವಾಗಿ ಹಿಡಿಯುವ ಮುಖ ನನಗಿಲ್ಲ.

ಒಂದು ಗಲ್ಲಿಯ ಕೊನೆಗೆ ಹೆಸರಿನ ಬೋರ್ಡೂ ಇಲ್ಲದ, ಬೆಂಚು ಹಾಕಿದ ಸಣ್ಣ ಖಾನಾವಳಿ. ಬಿಸಿ ಖಿಚಡಿ, ಅದರ ಮೇಲೆ ಎಳ್ಳು-ಹುಣಸೆಯ ತಣ್ಣನೆಯ ಖಟ್ಟಾ. ಬಡಿಸುತ್ತಿದ್ದವಳು ನಡುವಯಸ್ಸಿನ ಹೆಂಗಸು. ನನ್ನ ಗಂಟನ್ನೇ ನೋಡುತ್ತಾ ನಿಂತಳು. ಆಮೇಲೆ ನಮ್ಮದೇ ಕನ್ನಡದಲ್ಲಿ ಕೇಳಿಬಿಟ್ಟಳು. "ಅದ್ರಾಗ ಶೇಂಗಾ ಹಿಂಡಿ ಅದ ಏನ್ರಿ? ವಾಸನಿ ಬರಾಕತ್ತದ."

ಹೆಸರು ರೆಹಾನಾ. ತವರು ಬಸವಕಲ್ಯಾಣ. "ನಮ್ದೂ ನಿಮ್ಮ ಕಡಿನೇ ರಿ. ಮದಿವಿ ಆಗಿ ಇಲ್ಲಿಗೆ ಬಂದೆ. ಈಗ ತವರಾಗ ಯಾರೂ ಉಳದಿಲ್ಲ. ಇಂಥಾ ರೊಟ್ಟಿ ತಿಂದು ಎಷ್ಟ ದಿನ ಆತೋ!" ನಾನು ಗಂಟು ಬಿಚ್ಚಿದೆ. ಆಕೆ ನಿಮ್ಮ ರೊಟ್ಟಿ ಉಂಡಳು, ನಾನು ಆಕೆಯ ಖಿಚಡಿ ಉಂಡೆ. ಅಂದಿನಿಂದ ಪ್ರತಿ ತಿಂಗಳು ಅದೇ ಅದಲುಬದಲು. ಅಲ್ಲಿ ಬೇರೆಯವರಿಗೆ ಮಾಂಸದ ಖೀಮಾ ಬಡಿಸುತ್ತಿದ್ದರು. ನಾನು ಅದನ್ನು ಮುಟ್ಟಲಿಲ್ಲ. ಆದರೆ ಒಂದೇ ಒಲೆ, ಒಂದೇ ಸೌಟು ಇತ್ತೋ ಏನೋ — ನಾನು ಕೇಳಲೂ ಇಲ್ಲ.

ಮೊದಲ ದಿನ ಮನೆಗೆ ಬಂದಾಗ ಖಾಲಿ ಅರಿವೆ ಝಾಡಿಸುತ್ತಾ ನೀವು ಕೇಳಿದಿರಿ.

"ಎಲ್ಲಿ ಕುಂತು ಉಂಡಿ?"

"ಗುಡಿ ಕಟ್ಟಿ ಮ್ಯಾಲ ರಿ."

"ಒಬ್ಬಾಕೇನಾ? ಪರದೇಶಿ ಹಂಗ?"

ಗದರಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. ನಿಮ್ಮ ದನಿ ಕರಗಿತ್ತು. ನಾನು ಒಬ್ಬಳೇ ಕುಳಿತು ಉಂಡೆನೆಂದು ನಿಮಗೆ ಸಂಕಟವಾಗಿತ್ತು. "ಇಲ್ಲ ರಿ, ನಮ್ಮ ಕಡಿ ಒಬ್ಬಾಕಿ ಸಿಕ್ಕಿದ್ದಳು" ಎಂದೆ. ಅಷ್ಟು ನಿಜವೇ. "ಯಾ ಊರು? ಹೆಸರೇನು?" ಎಂದಿರಿ. ರೆಹಾನಾ ಎನ್ನಲು ಬಾಯಿ ಬರಲಿಲ್ಲ. ಬೆಳಿಗ್ಗೆ ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬಸ್ಸಿನ ಪಕ್ಕ ನಿಂತಿದ್ದ ಇನ್ನೊಂದು ಬಸ್ಸಿನ ಬೋರ್ಡು ನೆನಪಾಯಿತು. "ದುಬಲಗುಂಡಿ. ಕಾಶಮ್ಮ" ಎಂದೆ.

ಆಮೇಲೆ ಆ ಕಾಶಮ್ಮ ನನ್ನ ಕೈ ಮೀರಿ ಬೆಳೆದಳು. ತವರಿನಲ್ಲಿ ಯಾರೂ ಇಲ್ಲವೆಂದು ನಾನು ಹೇಳಿದ್ದೇ ತಡ, ಬುತ್ತಿಯ ಗಂಟು ದಪ್ಪವಾಯಿತು. ನಾಗರ ಪಂಚಮಿ ಬಂದರೆ ಆಕೆಗೆಂದೇ ಬೆಲ್ಲದ ಉಂಡಿ ಕಟ್ಟಿದಿರಿ. ಒಂದು ವರ್ಷ ಹಸಿರು ಖಣ, ಕೊಬ್ಬರಿ, ಅಕ್ಕಿ ಇಟ್ಟು ಉಡಿಯನ್ನೂ ಕಳಿಸಿದಿರಿ. "ಇನ್ನ ಮ್ಯಾಲ ಆಕಿ ತವರು ನಮ್ಮ ಮನಿನೇ ಅಂತ ಹೇಳು" ಎಂದಿರಿ. ನಾನು ಆ ಉಡಿಯನ್ನು ರೆಹಾನಾಳ ಸೆರಗಿಗೆ ಹಾಕಿದೆ. ನಿಮ್ಮ ಮಾತನ್ನೂ ಹೇಳಿದೆ. ಆಕೆ ಸೌಟು ಕೆಳಗಿಟ್ಟು ಖಣವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಅದರಲ್ಲೇ ಕುಪ್ಪಸ ಹೊಲಿಸಿಕೊಂಡಳು.

ಅಂಗಡಿಗೆ ದುಬಲಗುಂಡಿಯವರು ಬಂದರೆ ನೀವು ಬಳೆ ಇಡಿಸುತ್ತಾ ವಿಚಾರಿಸತೊಡಗಿದಿರಿ. "ನಿಮ್ಮ ಊರಾಗ ಕಾಶಮ್ಮ ಅಂತ, ಹೈದರಾಬಾದಿಗೆ ಕೊಟ್ಟಾರಲ್ಲ, ಯಾರ ಪೈಕಿ ಆಕಿ?" ಯಾರಿಗೂ ಗೊತ್ತಿರಲಿಲ್ಲ. ನಾನು ಗಾಜಿನ ಪೆಟ್ಟಿಗೆ ಒರೆಸುತ್ತಾ ಬೆವರುತ್ತಿದ್ದೆ. ಹಾಗಿರುವಾಗ ಒಂದು ದಿನ, ಹೈದರಾಬಾದಿನ ದವಾಖಾನೆಯಲ್ಲಿ ಕಣ್ಣು ತೋರಿಸಬೇಕು, ಹಾಗೆಯೇ ಕಾಶಮ್ಮನನ್ನೂ ನೋಡಿದಂತಾಗುತ್ತದೆ, ನಿನ್ನ ಜೊತೆ ಬರುತ್ತೇನೆ ಎಂದಿರಿ. ಆ ತಿಂಗಳು ಏನೋ ಹೇಳಿ ತಪ್ಪಿಸಿದೆ. ಹೈದರಾಬಾದಿನಿಂದ ಒಬ್ಬಳೇ ಬಂದವಳು ಬಾಗಿಲಲ್ಲಿ ನಿಂತು —

"ಆಕಿ ಹ್ವಾದಳು ರಿ, ಅತ್ತಿ."

ಇಷ್ಟೇ ಮಾತು. ಇದರಿಂದ ಎಲ್ಲ ಮುಗಿಯುತ್ತದೆ ಎಂದುಕೊಂಡಿದ್ದೆ. ನೀವು ಅಂದು ಉಣ್ಣಲಿಲ್ಲ. ಪಂಚಮಿ ಬಂತು, ಒಲೆಗೆ ಬಾಣಲೆ ಏರಲಿಲ್ಲ. ಜೋಕಾಲಿ ಕಟ್ಟು ಎಂದು ಹಟ ಹಿಡಿದ ನನ್ನ ಮಗಳು ಪಲ್ಲವಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೇಳಿದಿರಿ. "ಈ ವರ್ಷ ಹಬ್ಬ ಬ್ಯಾಡ ಕೂಸ. ನಮ್ಮ ಮನಿ ಹೆಣ್ಣುಮಗಳು ಹೋಗ್ಯಾಳ." ಓಣಿಯವರು ಬಂದು ನಿಮ್ಮ ಹತ್ತಿರ ಕುಳಿತು ಹೋದರು. ಇಲ್ಲದವಳ ಸೂತಕವನ್ನು ಇಡೀ ಮನೆ ಹಿಡಿಯಿತು, ನಾನೂ ಸೆರಗು ಹೊದ್ದು ಅವರಿಗೆಲ್ಲ ಚಹಾ ಕೊಟ್ಟೆ. ಅದೇ ತಿಂಗಳು ಹಸಿರು ಕುಪ್ಪಸ ತೊಟ್ಟ ರೆಹಾನಾ ನನ್ನ ಚೀಲದೊಳಗೆ ಇಣುಕಿ ನಗುತ್ತಾ ಕೇಳಿದಳು. "ಈ ಸಲ ಪಂಚಮಿ ಉಂಡಿ ಯಾಕ ತಂದಿಲ್ರಿ?"

ನಾವು ಕಣ್ಣು ತೋರಿಸುವ ಮಾತು ಎತ್ತಿದಾಗಲೆಲ್ಲ "ಈಗ ಅಲ್ಲಿ ನಮ್ಮವರು ಯಾರ ಅದಾರ? ಆಮ್ಯಾಲ ನೋಡಮು" ಎಂದು ನೀವು ಮುಂದೂಡಿದಿರಿ. ಪೊರೆ ಬಲಿತಿತು. ಈಗ ಬಳೆಯ ಬಣ್ಣ ತಿಳಿಯದೆ ಕೆಂಪು, ಕಂದು ಎರಡನ್ನೂ ಹಿಡಿದು "ಯಾವುದವ್ವಾ ಇದು?" ಎಂದು ಕೇಳುತ್ತೀರಿ. ಅದು ನನ್ನ ಸುಳ್ಳಿನ ಫಲ. ಬೇರೆ ಯಾರದೂ ಅಲ್ಲ.

ನೀವು ಏನಂದುಕೊಳ್ಳುವಿರೋ ಎಂದು ಹೆದರಿ ಹೆಸರು ಮುಚ್ಚಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಅದೂ ಪೂರ್ತಿ ನಿಜವಲ್ಲ. ಬುರ್ಖಾ ತೊಟ್ಟ ಹೆಣ್ಣುಮಕ್ಕಳು ಅಂಗಡಿಗೆ ಬಂದರೆ ಅವರ ಕೈಗೆ ಸಾಬೂನು ನೀರು ಹಚ್ಚಿ, ತವರು ಯಾವುದೆಂದು ಕೇಳುತ್ತಾ, ನೋವಾಗದಂತೆ ಬಳೆ ಏರಿಸುವ ನಿಮ್ಮನ್ನು ನಾನು ದಿನಾ ನೋಡಿದ್ದೇನೆ. ನಿಮ್ಮ ಮನಸ್ಸು ಸಣ್ಣದಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ... ಆ ಬೆಂಚು ನನ್ನೊಬ್ಬಳದೇ ಆಗಿರಲಿ ಎಂಬ ಆಸೆ ಅತ್ತಿ. ಯಾರ ಸೊಸೆಯೂ ಅಲ್ಲದೆ ಕುಳಿತು ಉಣ್ಣುವ ಒಂದು ಜಾಗ. ಅದನ್ನು ಉಳಿಸಿಕೊಳ್ಳಲು ನಿಮಗೆ ಸಿಕ್ಕ ಮಗಳಂಥವಳನ್ನು ನಿಮ್ಮಿಂದ ಕಿತ್ತುಕೊಂಡೆ.

ಹೋದ ತಿಂಗಳು ರೆಹಾನಾ ಹೇಳಿದಳು. "ಆ ಅಮ್ಮನ್ನ ಒಮ್ಮಿ ಕರಕೊಂಡ ಬರ್ರಿ. ಇಷ್ಟ ವರ್ಷ ಅವರ ಕೈ ರೊಟ್ಟಿ ತಿಂದೀನಿ, ಆ ಕೈ ನೋಡಬೇಕು." ನಾನು ತಲೆ ತಗ್ಗಿಸಿ ಖಿಚಡಿ ಕಲಸುತ್ತಾ ಕುಳಿತೆ. ಮನೆಗೆ ಬಂದು ದವಾಖಾನೆಯ ಮಾತು ತೆಗೆದೆ. ಈ ಸಲ ನೀವು ಒಪ್ಪುವವರೆಗೂ ಬಿಡಲಿಲ್ಲ. ನಾಳೆ ಹೊರಡುತ್ತೇವೆ.

ಈಗ ಸ್ವಲ್ಪ ಹೊತ್ತಿನ ಮುಂಚೆ ಹಿಟ್ಟಿನ ಡಬ್ಬಿ ಮುಂದಿಟ್ಟುಕೊಂಡು ನೀವು ಕೇಳಿದಿರಿ. "ಇಬ್ಬರಿಗೇ ಸಾಕಲ್ಲ?"

"ಮೂರು ಮಂದಿಗೆ ಕಟ್ರಿ, ಅತ್ತಿ."

ಹಿಟ್ಟಿನ ಮೇಲೆ ನಿಮ್ಮ ಕೈ ನಿಂತಿತು. "ಮೂರನೇದಾಕಿ ಯಾರ?"

"ಬಸ್ಸಿನ್ಯಾಗ ಹೇಳ್ತೀನಿ ರಿ."

ಡಬ್ಬಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಿರಿ. ರೊಟ್ಟಿ ಬಡಿಯುವ ಸದ್ದು ಇಲ್ಲಿಗೆ ಕೇಳುತ್ತಿದೆ. ಇದನ್ನು ಕೇಳಿದ ಮೇಲೆ ನೀವು ನನ್ನ ಮುಖ ನೋಡದಿರಬಹುದು, ಅರ್ಧ ದಾರಿಗೆ ಇಳಿದು ವಾಪಸು ಹೊರಡಬಹುದು. ಹೊರಟರೆ ನಿಮ್ಮ ಹಿಂದೆಯೇ ನಡೆದು ಬರುತ್ತೇನೆ. ಆದರೆ ಅದಕ್ಕೆ ಮುಂಚೆ ಇಷ್ಟು ಗೊತ್ತಿರಲಿ. ನಿಮ್ಮ ರೊಟ್ಟಿ ಉಂಡವಳ ಹೆಸರು ರೆಹಾನಾ. ಕಲ್ಯಾಣದ ಮಗಳು. ನೀವು ಕಳಿಸಿದ ಖಣ ತೊಟ್ಟಿದ್ದಾಳೆ, ನಿಮ್ಮ ದಾರಿ ಕಾಯುತ್ತಿದ್ದಾಳೆ. ಬದುಕಿದ್ದಾಳೆ, ಅತ್ತಿ.