ಕಂಬ ಹತ್ತುವ ಆಟ

ತೀರ್ಥಪ್ರಸಾದ್ ಹದಿನಾರು ವರ್ಷಗಳಿಂದ ಲೈನ್‌ಮನ್. ಹುಟ್ಟಿದ್ದು ಭಾಗಮಂಡಲದ ಕಡೆ, ಕೆಲಸ ಶ್ರೀಮಂಗಲದ ಸುತ್ತಮುತ್ತ. ಕಾಫಿ ತೋಟಗಳ ನಡುವೆ ಹಾದುಹೋಗುವ ತಂತಿಯ ಮೇಲೆ ಸಿಲ್ವರ್ ಮರದ ಕೊಂಬೆ ಬಿದ್ದರೆ, ಕಂಬ ವಾಲಿದರೆ, ಫ್ಯೂಸ್ ಹೋದರೆ ಮೊದಲು ಫೋನ್ ಬರುವುದು ಅವನಿಗೆ. ಯಾವ ಕಂಬದ ಬುಡದಲ್ಲಿ ಇರುವೆ ಗೂಡಿದೆ ಎಂಬುದನ್ನೂ ಅವನು ಹೇಳಬಲ್ಲ. ಕಂಪ್ಯೂಟರ್ ಎಂದರೆ ಮಾತ್ರ, ನಲವತ್ತು ತುಂಬುವವರೆಗೂ, ಆಫೀಸಿನಲ್ಲಿ ಬೇರೆಯವರು ಕೂರುವ ಜಾಗ ಎಂದಷ್ಟೇ ಗೊತ್ತಿತ್ತು.

ಮೊಬೈಲಿನಲ್ಲಿ ಲಾರಿ ಓಡಿಸುವ ಆಟವೊಂದನ್ನು ಅವನು ಆಡುತ್ತಿದ್ದ. ರಸ್ತೆ ಯಾವುದೋ ದೇಶದ್ದು, ಹಿಮ ಬೀಳುತ್ತಿತ್ತು. ಎರಡು ವರ್ಷದ ಹಿಂದೆ ಕಾಲು ಉಳುಕಿ ಹತ್ತು ದಿನ ಮನೆಯಲ್ಲಿದ್ದಾಗ, ಇಂಥ ಆಟದಲ್ಲಿ ನಮ್ಮ ರಸ್ತೆ ಇದ್ದರೆ ಹೇಗಿರುತ್ತದೆ ಎಂಬ ಯೋಚನೆ ಬಂತು. ಆಟ ಮಾಡುವುದು ಹೇಗೆ ಎಂದು ಫೋನಿನಲ್ಲಿ ಹುಡುಕಿದ. ವಿಡಿಯೊ ಮೇಲೆ ವಿಡಿಯೊ ಬಂದವು. ಕಾಲು ಸರಿಯಾದ ಮೇಲೆ ವಿರಾಜಪೇಟೆಗೆ ಹೋಗಿ ಹಳೆಯದೊಂದು ಲ್ಯಾಪ್‌ಟಾಪ್ ತಂದ.

ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಂಡತಿ ಯಮುನ ಅದನ್ನು ನೋಡಿ, "ಆಟ ಆಡಿಕೆ ಲ್ಯಾಪ್‌ಟಾಪಾ?" ಎಂದಳು. ಮನೆಯಲ್ಲಿ ಅವರು ಮಾತಾಡುವುದು ಅರೆಭಾಷೆ.

"ಆಡಿಕೆ ಅಲ್ಲ, ಮಾಡಿಕೆ" ಎಂದ ತೀರ್ಥಪ್ರಸಾದ್.

ಅವನ ಮನಸ್ಸಿನಲ್ಲಿದ್ದ ಆಟ ದೊಡ್ಡದು. ಇಲಾಖೆಯ ಜೀಪು ಗೋಣಿಕೊಪ್ಪಲಿನಿಂದ ಹೊರಡಬೇಕು. ದಾರಿಯಲ್ಲಿ ಮಳೆ, ಮಂಜು, ತೋಟದಿಂದ ರಸ್ತೆಗಿಳಿಯುವ ಆನೆ. ಮುನ್ನೂರು ಕಂಬ. ಎಲ್ಲಿ ಲೈನ್ ಕಡಿದಿದೆ ಎಂದು ಹುಡುಕಿ ಸರಿಮಾಡಿದರೆ ಊರಿಗೆ ಬೆಳಕು. ಬೆಳಿಗ್ಗೆ ಐದಕ್ಕೆ ಎದ್ದು ಕೆಲಸಕ್ಕೆ ಹೋಗುವವರೆಗೆ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದ. ಮೂರು ತಿಂಗಳಾದ ಮೇಲೆ ಅವನ ಕೈಯಲ್ಲಿದ್ದದ್ದು ಒಂದು ಜೀಪು. ಅದೂ ರಸ್ತೆಯ ಮೇಲೆ ನಿಲ್ಲುತ್ತಿರಲಿಲ್ಲ, ಗುಂಡಿ ಒತ್ತಿದ ಕೂಡಲೇ ಕೆಳಗೆ ಜಾರಿ ಪರದೆಯಿಂದಲೇ ಮಾಯವಾಗುತ್ತಿತ್ತು. ಯಾಕೆಂದು ಗೊತ್ತಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಬೀರುವಿನ ಮೇಲಿಟ್ಟ. ಒಂದು ತಿಂಗಳು ಮುಟ್ಟಲಿಲ್ಲ.

ಮತ್ತೆ ತೆಗೆದದ್ದು ಸೌಜನ್ಯಳಿಂದಾಗಿ. ಗೋಣಿಕೊಪ್ಪಲಿನಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವ ಅವಳು ಶನಿವಾರಸಂತೆ ಕಡೆಯವಳು. ಅವಳ ಕೇಂದ್ರದ ಮೀಟರ್ ಸುಟ್ಟಿದ್ದಾಗ ಬದಲಾಯಿಸಲು ಹೋದ ತೀರ್ಥಪ್ರಸಾದ್, ಕೆಲಸ ಮುಗಿದ ಮೇಲೆ ಸ್ವಲ್ಪ ನಾಚಿಕೆಯಿಂದಲೇ ಜೀಪಿನ ವಿಷಯ ಕೇಳಿದ.

"ಜೀಪಿಗೆ ಭಾರ ಕೊಟ್ಟಿದ್ದೀರ ಸರ್, ಅದಕ್ಕೇ ಬೀಳುತ್ತೆ" ಎಂದಳು ಸೌಜನ್ಯ. "ರಸ್ತೆ ಬರೀ ಚಿತ್ರ. ಅದು ಗಟ್ಟಿ ಅಂತ ನೀವು ಕಂಪ್ಯೂಟರಿಗೆ ಹೇಳಿಲ್ಲ."

"ನೋಡಿದ್ರೆ ಗೊತ್ತಾಗಲ್ವಾ ರಸ್ತೆ ಅಂತ?"

"ನಿಮಗೆ ಗೊತ್ತಾಗುತ್ತೆ. ಅದಕ್ಕೆ ಎಲ್ಲಾನೂ ಹೇಳಬೇಕು."

ಅವನು ಮುನ್ನೂರು ಕಂಬದ ಮಾತೆತ್ತಿದಾಗ ಅವಳು ನಗಲಿಲ್ಲ. ಒಂದು ಕಂಬ ಮಾಡಿ, ಒಬ್ಬ ಮನುಷ್ಯ ಅದನ್ನು ಹತ್ತಿ ಇಳಿಯಲಿ, ಅಷ್ಟು ಮುಗಿಸಿ ಯಾರಿಗಾದರೂ ಆಡಲು ಕೊಡಿ, ಉಳಿದದ್ದು ಆಮೇಲೆ ನೋಡೋಣ ಎಂದಳು. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸುತ್ತ ಆದೇಶ ಕೊಡುವ, ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಒಂದನ್ನು ಹಾಕಿಕೊಟ್ಟಳು.

ಮನುಷ್ಯನ ಚಿತ್ರ ಬರೆಯಲು ಬಾರದೆ ಅವನು ಹಳದಿ ಚೌಕವೊಂದನ್ನು ಇಟ್ಟ. ಅದರ ಮೇಲೆ ಕೆಂಪು ಹೆಲ್ಮೆಟ್. ಕಂಬ ಒಂದು ಬೂದು ಗೆರೆ. ಚೌಕ ಮೊದಲ ಸಲ ಕಂಬ ಹತ್ತಿ, ಇಳಿದು, ನೆಲದ ಮೇಲೆ ನಿಂತ ದಿನ ಯಮುನಳನ್ನು ಅಡುಗೆಮನೆಯಿಂದ ಕರೆದು ತೋರಿಸಿದ. ಅವಳು ನಾಲ್ಕು ಸಲ ಹತ್ತಿಸಿ ಇಳಿಸಿದಳು. "ಮತ್ತೆ ಎಂತ?" ಎಂದು ಕೇಳಿದಳು. ಆ ಪ್ರಶ್ನೆ ಅವನಿಗೂ ಇತ್ತು.

ಉತ್ತರ ಅವನ ದಿನನಿತ್ಯದ ಕೆಲಸದಲ್ಲೇ ಇತ್ತು. ಲೈನ್‌ಮನ್ ಸುಮ್ಮನೆ ಕಂಬ ಹತ್ತುವುದಿಲ್ಲ. ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ ಅನುಮತಿ ಪಡೆಯಬೇಕು. ಟ್ರಾನ್ಸ್‌ಫಾರ್ಮರಿನ ಫ್ಯೂಸ್ ತೆಗೆಯಬೇಕು. ತಂತಿಯಲ್ಲಿ ಕರೆಂಟ್ ಇಲ್ಲವೆಂದು ಪರೀಕ್ಷಿಸಬೇಕು. ಅರ್ಥಿಂಗ್ ರಾಡಿನಿಂದ ತಂತಿಗೂ ನೆಲಕ್ಕೂ ಸಂಪರ್ಕ ಕೊಡಬೇಕು. ಆಮೇಲೆ ಹತ್ತುವುದು. ಈ ಕ್ರಮವೇ ಆಟವಾಯಿತು. ಕೊಂಬೆ ಬಿದ್ದಿದೆ, ಹತ್ತು ನಿಮಿಷದಲ್ಲಿ ತೆಗೆಯಬೇಕು. ಒಂದೊಂದು ಹೆಜ್ಜೆ ಬಿಟ್ಟರೆ ಐದು ಅಂಕ ಕಡಿತ.

ಮುಗಿಸಲು ಐದು ತಿಂಗಳು ಹಿಡಿಯಿತು. ಮೊದಲು ಆಡಿಸಿದ್ದು ಪೊನ್ನಪ್ಪಣ್ಣನಿಗೆ. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಪೊನ್ನಪ್ಪ ಅವನಿಗೆ ಕಂಬ ಹತ್ತುವುದನ್ನು ಕಲಿಸಿದವರು. ಅವರ ಬಲಗೈಯ ಎರಡು ಬೆರಳು ಮಡಚಲು ಬರುವುದಿಲ್ಲ. ಯಾರಾದರೂ ಕೇಳಿದರೆ ಹಳೇ ಕಥೆ ಎಂದು ಮಾತು ಬದಲಾಯಿಸುತ್ತಿದ್ದರು.

ಭಾನುವಾರ ಮಧ್ಯಾಹ್ನ ಪೊನ್ನಪ್ಪ ಬಂದು ಎಡಗೈಯಲ್ಲಿ ಮೌಸ್ ಹಿಡಿದು ಕುಳಿತರು. ಫೋನ್ ಮಾಡಿಸಿದರು, ಫ್ಯೂಸ್ ತೆಗೆಸಿದರು, ಪರೀಕ್ಷೆ ಮಾಡಿಸಿದರು. ರಾಡ್ ಹಾಕದೆ ಕಂಬ ಹತ್ತಿಸಿದರು. ಕೊಂಬೆ ತೆಗೆದು ಚೌಕ ಕೆಳಗಿಳಿಯಿತು. ಪರದೆಯ ಮೇಲೆ ‘ಗೆದ್ದಿರಿ, ತೊಂಬತ್ತೈದು ಅಂಕ’ ಎಂದು ಬಂತು.

"ರಾಡ್ ಮರೆತ್ರಿ ಪೊನ್ನಪ್ಪಣ್ಣ" ಎಂದ ತೀರ್ಥಪ್ರಸಾದ್.

"ಮರೆತಿಲ್ಲ. ಬೇಕೂಂತ ಬಿಟ್ಟೆ. ನಿನ್ನ ಆಟದಲ್ಲಿ ಏನೂ ಆಗ್ಲಿಲ್ಲ ನೋಡು."

ಅವರು ಬಲಗೈಯ ಮಡಚದ ಬೆರಳುಗಳನ್ನು ಎತ್ತಿ ತೋರಿಸಿದರು. ಆಮೇಲೆ ಹೇಳಿದರು. "ಅವತ್ತೂ ಹೀಗೇ. ಎಲ್ಲ ಸರಿಯಾಗಿ ಮಾಡಿದ್ದೆ. ಟೆಸ್ಟ್ ಮಾಡಿದಾಗ ಲೈನಲ್ಲಿ ಏನೂ ಇರ್ಲಿಲ್ಲ. ರಾಡ್ ಜೀಪಲ್ಲಿತ್ತು, ಯಾರು ಮತ್ತೆ ನಡೆಯೋದು ಅಂತ ಬಿಟ್ಟೆ. ನಾನು ಮೇಲಿರುವಾಗ ಪಕ್ಕದ ಎಸ್ಟೇಟಲ್ಲಿ ಜನರೇಟರ್ ಹಾಕಿದ್ರು. ಅವರ ಕರೆಂಟ್ ವಾಪಸ್ ನಮ್ಮ ಲೈನಿಗೆ ಬಂತು."

ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ್ದರೂ ತೀರ್ಥಪ್ರಸಾದ್ ಇದನ್ನು ಕೇಳಿರಲಿಲ್ಲ. "ಜನರೇಟರ್ ಸೇರಿಸ್ತೇನೆ" ಎಂದ.

ಸೇರಿಸುವುದು ಕಷ್ಟವಾಗಲಿಲ್ಲ. ಜನರೇಟರ್ ಯಾವಾಗ ಶುರುವಾಗುತ್ತದೆಂದು ಆಡುವವರಿಗೆ ಗೊತ್ತಾಗಬಾರದು, ಅಷ್ಟೆ. ರಾಡ್ ಹಾಕಿದ್ದರೆ ಬಂದ ಕರೆಂಟ್ ನೆಲಕ್ಕೆ ಹರಿದು ಜನರೇಟರ್ ತಾನಾಗಿ ನಿಲ್ಲುತ್ತದೆ. ಹಾಕದಿದ್ದರೆ ಏನು ತೋರಿಸಬೇಕು ಎಂಬಲ್ಲಿ ಅವನು ಸಿಕ್ಕಿಕೊಂಡ. ಕಿಡಿ ಹಾರಿಸಿ ನೋಡಿದ, ಅದು ದೀಪಾವಳಿಯಂತೆ ಕಂಡಿತು. ಚೌಕವನ್ನು ಕೆಳಗೆ ಬೀಳಿಸಿದ, ನೋಡಿದವರಿಗೆ ನಗು ಬಂತು. ಕೊನೆಗೆ ಪೊನ್ನಪ್ಪನವರಿಗೇ ಫೋನ್ ಮಾಡಿ, ಅವತ್ತು ಏನು ಕಂಡಿತು ಎಂದು ಕೇಳಿದ.

"ಏನೂ ಕಾಣ್ಲಿಲ್ಲ. ಎಲ್ಲ ಬೆಳ್ಳಗಾಯ್ತು. ಆಮೇಲೆ ಕಂಡದ್ದು ಆಸ್ಪತ್ರೆಯ ಫ್ಯಾನ್."

ಅದನ್ನೇ ಮಾಡಿದ. ಪರದೆ ಪೂರ್ತಿ ಬಿಳಿಯಾಗುತ್ತದೆ. ಆಮೇಲೆ ಒಂದು ಸೀಲಿಂಗ್ ಫ್ಯಾನ್, ನಿಧಾನವಾಗಿ ತಿರುಗುತ್ತ. ಸದ್ದಿಲ್ಲ, ಅಂಕವಿಲ್ಲ. ಇಪ್ಪತ್ತು ಸೆಕೆಂಡ್ ಯಾವ ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ.

ಹೊಸದಾಗಿ ಸೇರಿದ ಏಳು ಮಂದಿ ಒಂದು ದಿನ ಆಫೀಸಿನಲ್ಲಿ ಆ ಆಟ ಆಡಿದರು. ಐದು ಜನ ಮೊದಲ ಸಲ ರಾಡ್ ಬಿಟ್ಟು ಹತ್ತಿದರು. ಒಬ್ಬ ಲ್ಯಾಪ್‌ಟಾಪ್ ಕೆಟ್ಟುಹೋಯಿತೆಂದು ಎದ್ದು ನಿಂತ. ಇನ್ನೊಬ್ಬ, ಫ್ಯಾನ್ ಇಷ್ಟು ಹೊತ್ತು ಯಾಕೆ, ಬೋರಾಗುತ್ತೆ ಎಂದ. ಹಿಂದೆ ಕುಳಿತಿದ್ದ ಪೊನ್ನಪ್ಪ, "ನಂಗೆ ಹದಿನೆಂಟು ದಿನ ಇತ್ತು" ಎಂದರು.

ಆಟ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ಹೋಯಿತು. ಚಿತ್ರ ಚೆನ್ನಾಗಿಲ್ಲ ಎಂದವರೇ ಹೆಚ್ಚು. ಕೆಲವು ಫೋನುಗಳಲ್ಲಿ ತೆರೆಯಲೇ ಇಲ್ಲ. ಕೊಂಬೆ ಒಮ್ಮೊಮ್ಮೆ ತಂತಿಯ ಒಳಗೇ ಹಾದುಹೋಗುವ ದೋಷವನ್ನು ಅವನು ಇನ್ನೂ ಸರಿಪಡಿಸಿಲ್ಲ.

ಹೋದ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಶ್ರೀಮಂಗಲದ ಆಚೆಯ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ನೋಡುವ ರೈಟರ್ ಉತ್ತಯ್ಯ ಫೋನ್ ಮಾಡಿದರು. ಅವರ ಮಗಳ ಫೋನಿಗೆ ಆಟ ಬಂದಿತ್ತಂತೆ.

"ತೀರ್ಥ, ನಾವು ಜನರೇಟರ್ ಹಾಕಿದ್ರೆ ನಿಮ್ಮ ಲೈನಿಗೆ ಹೋಗದ ಹಾಗೆ ಒಂದು ಸ್ವಿಚ್ ಇರ್ಬೇಕಲ್ಲ? ನಮ್ಮಲ್ಲಿ ಉಂಟೋ ಇಲ್ವೋ ನಂಗೇ ಗೊತ್ತಿಲ್ಲ. ಒಮ್ಮೆ ಬಂದು ನೋಡ್ತೀಯಾ?"

ಮರುದಿನ ಬೆಳಿಗ್ಗೆ ತೀರ್ಥಪ್ರಸಾದ್ ಹೋದ. ಜನರೇಟರ್ ಶೆಡ್ಡಿನ ಗೋಡೆಯ ಮೇಲೆ ಸ್ವಿಚ್ ಇತ್ತು. ಅದರ ಹಿಡಿಕೆ ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ಯಾರೋ ಅದನ್ನು ಬಿಟ್ಟು ವಯರುಗಳನ್ನು ನೇರವಾಗಿ ಜೋಡಿಸಿದ್ದರು. ಇದು ಎಷ್ಟು ಕಾಲದಿಂದ ಹೀಗಿದೆ ಎಂದು ಕೇಳಿದ. ಉತ್ತಯ್ಯನವರಿಗೆ ಗೊತ್ತಿರಲಿಲ್ಲ. ಎಸ್ಟೇಟಿನ ಎಲೆಕ್ಟ್ರಿಷಿಯನ್ ಬಂದು ಹೊಸ ಸ್ವಿಚ್ ಕೂರಿಸುವವರೆಗೆ ಅವನು ಅಲ್ಲೇ ಇದ್ದ. ತೋಟದ ಕೆಲಸಗಾರರ ಲೈನ್ ಮನೆಗಳಿಂದ ಯಾರೋ ತಂದುಕೊಟ್ಟ ಕಾಫಿ ಕುಡಿದು, ಎರಡು ಸಲ ಜನರೇಟರ್ ಹಾಕಿಸಿ ನೋಡಿ, ಆಮೇಲೆ ಡ್ಯೂಟಿಗೆ ಹೊರಟ.